ಟೆಕ್ನಿಕಲ್ ಡೈವಿಂಗ್‌ಗೆ ನಂಬಬಹುದಾದ ರೆಗ್ಯುಲೇಟರ್: ಆರಿಸುವುದು, ಜೋಡಿಸುವುದು, ಪರೀಕ್ಷಿಸುವುದು

ಟೆಕ್ನಿಕಲ್ ಡೈವಿಂಗ್, ಅಂದರೆ ನೇರವಾಗಿ ಮೇಲೆ ಬರಲಾಗದ ಆಳದ ಅಥವಾ ಗುಹೆಯ ಡೈವಿಂಗ್, ಶುರು ಮಾಡುವವರಲ್ಲಿ ಹೆಚ್ಚಿನವರು ಮೊದಲು ಕೇಳುವುದು ಒಂದೇ: ಯಾವತ್ತೂ ಕೈಕೊಡದ ರೆಗ್ಯುಲೇಟರ್ ಯಾವುದು? ಅಂಥದ್ದು ಯಾವುದೂ ಇಲ್ಲ. ರೆಗ್ಯುಲೇಟರ್ ಅಂದರೆ ಸಿಲಿಂಡರಿನ ಗ್ಯಾಸನ್ನು ಉಸಿರಾಡುವ ಒತ್ತಡಕ್ಕೆ ಇಳಿಸಿ ಬಾಯಿಗೆ ಕೊಡುವ ಸಾಧನ. ಎಷ್ಟೇ ದುಬಾರಿಯದ್ದಾದರೂ ಒಳಗೆ ಒ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ಇದೆ, ಸೀಟ್ ಇದೆ, ಹೊರಗೆ ರಬ್ಬರ್ ಹೋಸ್ ಇದೆ. ಇವೆಲ್ಲ ಸವೆಯುತ್ತವೆ. ಹಾಗಾಗಿ ಪ್ರಶ್ನೆಯನ್ನೇ ಬದಲಾಯಿಸಿಕೊಳ್ಳಿ. ಕೆಟ್ಟರೆ ಇದು ಹೇಗೆ ಕೆಡುತ್ತದೆ? ಕೆಡುವ ಮುಂಚೆ ಸುಳಿವು ಕೊಡುತ್ತದಾ, ಆ ಸುಳಿವು ನನಗೆ ಗೊತ್ತಾಗುತ್ತದಾ? ಕೆಟ್ಟ ಮೇಲೆ ಉಸಿರಾಡಲು ನನ್ನ ಹತ್ತಿರ ಏನು ಉಳಿದಿರುತ್ತದೆ? ಈ ಮೂರಕ್ಕೂ ಉತ್ತರ ಇದ್ದರೆ ಮಧ್ಯಮ ಬೆಲೆಯ ರೆಗ್ಯುಲೇಟರನ್ನೂ ನಂಬಬಹುದು. ಉತ್ತರ ಇಲ್ಲದಿದ್ದರೆ ಅತಿ ದುಬಾರಿಯದ್ದನ್ನೂ ನಂಬುವ ಹಾಗಿಲ್ಲ.

18 ಮೀಟರ್ ಆಳದಲ್ಲಿ ರಿಕ್ರಿಯೇಷನಲ್ ಡೈವ್ ಮಾಡುವಾಗ ರೆಗ್ಯುಲೇಟರ್ ಕೆಟ್ಟರೆ ಪಕ್ಕದವರ ಆಕ್ಟೋಪಸ್ (ಉಸಿರಾಡಲು ಇಟ್ಟುಕೊಂಡ ಹೆಚ್ಚುವರಿ ಬಾಯಿತುದಿ) ಹಿಡಿದು ಮೇಲೆ ಬರಬಹುದು. ಬೇರೇನೂ ದಾರಿ ಇಲ್ಲದಿದ್ದರೆ ನೇರವಾಗಿ ಮೇಲಕ್ಕೆ ಈಜಬಹುದು. 60 ಮೀಟರಿನಲ್ಲಿ, ತಲೆಯ ಮೇಲೆ ಅರ್ಧ ಗಂಟೆಯ ಡೆಕೊ (ಮೇಲೆ ಬರುವಾಗ ನಡುನಡುವೆ ನಿಂತು ಕಾಯಲೇಬೇಕಾದ ಹೊತ್ತು) ಬಾಕಿ ಇರುವಾಗ, ಅಥವಾ ಗುಹೆಯ ಒಳಗೆ ಮುನ್ನೂರು ಮೀಟರ್ ಹೋಗಿರುವಾಗ ಆ ದಾರಿ ಮುಚ್ಚಿರುತ್ತದೆ. ಕೆಟ್ಟದ್ದನ್ನು ಅಲ್ಲೇ, ನೀರಿನಡಿಯಲ್ಲೇ ಸರಿಪಡಿಸಿಕೊಳ್ಳಬೇಕು. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ. ಇದು ತರಬೇತಿಗೆ ಬದಲಿಯಲ್ಲ. ತರಬೇತಿ ಪಡೆದವರು, ಪಡೆಯುತ್ತಿರುವವರು ತಮ್ಮ ಸಾಮಾನನ್ನು ಸರಿಯಾಗಿ ನೋಡಿಕೊಳ್ಳಲಿ ಅಂತ ಬರೆಯುತ್ತಿದ್ದೇನೆ.

ಒಳಗೆ ಏನು ನಡೆಯುತ್ತದೆ

ಸಿಲಿಂಡರಿನ ವಾಲ್ವಿಗೆ ಜೋಡಿಸುವ ಫಸ್ಟ್ ಸ್ಟೇಜ್ ಸಿಲಿಂಡರಿನ 200 ಅಥವಾ 230 ಬಾರ್ ಒತ್ತಡವನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ ಸುಮಾರು 9ರಿಂದ 10 ಬಾರ್ ಹೆಚ್ಚಿನ ಮಟ್ಟಕ್ಕೆ ಇಳಿಸುತ್ತದೆ. ಈ ನಡುವಿನ ಒತ್ತಡಕ್ಕೆ ಎಲ್ಲರೂ ಐಪಿ ಅನ್ನುತ್ತಾರೆ. ಬಾಯಲ್ಲಿರುವ ಸೆಕೆಂಡ್ ಸ್ಟೇಜ್ ಅದನ್ನು ನೀವು ಎಳೆದುಕೊಳ್ಳುವ ಉಸಿರಿನ ಮಟ್ಟಕ್ಕೆ ತರುತ್ತದೆ. ಫಸ್ಟ್ ಸ್ಟೇಜಿನೊಳಗೆ ಒಂದು ಗಟ್ಟಿ ಅಂಚು ಇರುತ್ತದೆ, ಅದಕ್ಕೆ ಒತ್ತಿಕೊಂಡು ಮುಚ್ಚುವ ಒಂದು ಮೆತ್ತನೆಯ ಸೀಟ್ ಇರುತ್ತದೆ. ನೀವು ಉಸಿರೆಳೆದಾಗ ತೆರೆಯುತ್ತದೆ, ಬಿಟ್ಟಾಗ ಮುಚ್ಚುತ್ತದೆ. ಸಾವಿರಾರು ಸಲ ಹೀಗೆ ಆದ ಮೇಲೆ ಸೀಟಿನಲ್ಲಿ ಗೆರೆ ಬೀಳುತ್ತದೆ, ಪೂರ್ತಿ ಮುಚ್ಚುವುದಿಲ್ಲ, ಗ್ಯಾಸ್ ನಿಧಾನವಾಗಿ ಒಳಗೆ ನುಸುಳಿ ಐಪಿ ಏರುತ್ತದೆ. ಇದೇ ಐಪಿ ಕ್ರೀಪ್. ಫಸ್ಟ್ ಸ್ಟೇಜ್ ಕೆಡುವ ಬಗೆಗಳಲ್ಲಿ ತುಂಬಾ ಸಾಮಾನ್ಯವಾದದ್ದು ಇದು, ಮುಂಚೆಯೇ ಕಂಡುಹಿಡಿಯಲು ಸುಲಭವಾದದ್ದೂ ಇದೇ.

ಐಪಿ ತುಂಬಾ ಏರಿದರೆ ಏನಾಗುತ್ತದೆ? ಈಗಿನ ಹೆಚ್ಚಿನ ಸೆಕೆಂಡ್ ಸ್ಟೇಜ್‌ಗಳು ಡೌನ್‌ಸ್ಟ್ರೀಮ್ ಬಗೆಯವು. ಅಂದರೆ ಗ್ಯಾಸಿನ ಒತ್ತಡವೇ ವಾಲ್ವನ್ನು ತೆರೆಯುವ ಕಡೆಗೆ ತಳ್ಳುತ್ತಿರುತ್ತದೆ, ಸ್ಪ್ರಿಂಗ್ ಅದನ್ನು ಮುಚ್ಚಿ ಹಿಡಿದಿರುತ್ತದೆ. ಐಪಿ ಮಿತಿ ಮೀರಿದರೆ ಸ್ಪ್ರಿಂಗ್ ಸೋತು ವಾಲ್ವ್ ತೆರೆದುಕೊಳ್ಳುತ್ತದೆ, ಗ್ಯಾಸ್ ಹೊರಗೆ ಹರಿಯುತ್ತದೆ. ಇದು ಬೇಕೆಂದೇ ಮಾಡಿದ ವಿನ್ಯಾಸ. ಕೆಟ್ಟಾಗ ಗ್ಯಾಸ್ ನಿಲ್ಲುವ ಬದಲು ಜಾಸ್ತಿ ಬರಲಿ ಅನ್ನುವ ಲೆಕ್ಕ. ಉಸಿರು ಸಿಗುತ್ತದೆ, ಆದರೆ ಸಿಲಿಂಡರ್ ಬೇಗ ಖಾಲಿಯಾಗುತ್ತದೆ. ಆದ್ದರಿಂದ ಟೆಕ್ನಿಕಲ್ ಡೈವರ್‌ಗೆ ರೆಗ್ಯುಲೇಟರ್ ಕೆಡುವುದು ಅಂದರೆ ಬಹುತೇಕ ಗ್ಯಾಸ್ ಸೋರಿ ಹೋಗುವುದೇ. ಉಸಿರೇ ಬಾರದೆ ನಿಲ್ಲುವುದು ಅಪರೂಪ. ಹಾಗೆ ನಿಂತರೆ ಮೊದಲು ನೋಡಬೇಕಾದದ್ದು ವಾಲ್ವ್ ಪೂರ್ತಿ ತೆರೆದಿದೆಯಾ ಅಂತ.

ಇಲ್ಲಿ ಒಂದು ಎಚ್ಚರಿಕೆ. ಡ್ರೈಸೂಟಿಗೆ (ನೀರು ಒಳಗೆ ಬಾರದ ಡೈವಿಂಗ್ ಉಡುಪು) ಆರ್ಗಾನ್ ತುಂಬಲು ಕೆಲವರು ಚಿಕ್ಕ ಸಿಲಿಂಡರ್ ಇಟ್ಟುಕೊಳ್ಳುತ್ತಾರೆ, ಅದರ ಫಸ್ಟ್ ಸ್ಟೇಜಿಗೆ ಸೆಕೆಂಡ್ ಸ್ಟೇಜೇ ಇರುವುದಿಲ್ಲ. ಕ್ರೀಪ್ ಆದರೆ ಹೆಚ್ಚಿನ ಒತ್ತಡ ಹೋಗಲು ಜಾಗವೇ ಇಲ್ಲ, ಹೋಸ್ ಒಡೆಯುತ್ತದೆ. ಅಂಥ ಫಸ್ಟ್ ಸ್ಟೇಜಿನ ಒಂದು ಎಲ್‌ಪಿ ಪೋರ್ಟಿಗೆ (ಕಡಿಮೆ ಒತ್ತಡದ ಹೋಸ್ ಕೂರುವ ಜಾಗ) ಹೆಚ್ಚಾದ ಒತ್ತಡವನ್ನು ಹೊರಬಿಡುವ ಓವರ್ ಪ್ರೆಷರ್ ವಾಲ್ವ್ ಇರಲೇಬೇಕು. ಅಪ್‌ಸ್ಟ್ರೀಮ್ ಬಗೆಯ, ಅಂದರೆ ಗ್ಯಾಸಿನ ಒತ್ತಡವೇ ಮುಚ್ಚುವ ಕಡೆಗೆ ತಳ್ಳುವ, ಸೆಕೆಂಡ್ ಸ್ಟೇಜ್ ಹಾಕಿದ ಫಸ್ಟ್ ಸ್ಟೇಜಿಗೂ ಇದೇ ಮಾತು.

ಆರಿಸುವಾಗ

ಫಸ್ಟ್ ಸ್ಟೇಜ್ ಪಿಸ್ಟನ್ ಬಗೆಯದ್ದೋ ಡಯಾಫ್ರಾಮ್ (ರಬ್ಬರ್ ಪರದೆ) ಬಗೆಯದ್ದೋ ಅಂತ ಜನ ಎಷ್ಟು ಬೇಕಾದರೂ ವಾದ ಮಾಡುತ್ತಾರೆ. ಪಿಸ್ಟನ್ ಬಗೆಯಲ್ಲಿ ಚಲಿಸುವ ಭಾಗ ಕಡಿಮೆ, ಗ್ಯಾಸ್ ಧಾರಾಳವಾಗಿ ಬರುತ್ತದೆ, ಆದರೆ ನೀರು ಸ್ಪ್ರಿಂಗ್ ಇರುವ ಕೋಣೆಯೊಳಗೆ ಬರುತ್ತದೆ. ಹೂಳು, ಉಪ್ಪು, ಮರಳು ಎಲ್ಲ ಅದರ ಜೊತೆ. ಡಯಾಫ್ರಾಮ್ ಬಗೆಯಲ್ಲಿ ಭಾಗಗಳು ಜಾಸ್ತಿ, ಆದರೆ ನೀರು ಒಳಗೆ ಬಾರದ ಹಾಗೆ ಸೀಲ್ ಮಾಡುವುದು ಸುಲಭ. ಸ್ಕೂಬಾಪ್ರೊದ ಎಂಕೆ25 ಬ್ಯಾಲೆನ್ಸ್ಡ್ ಪಿಸ್ಟನ್. ಅದೇ ಕಂಪನಿಯ ಎಂಕೆ17 ಮತ್ತು ಏಪೆಕ್ಸ್‌ನ ಡಿಎಸ್4 ಸೀಲ್ ಮಾಡಿದ ಡಯಾಫ್ರಾಮ್. ಮೂರನ್ನೂ ಇಟ್ಟುಕೊಂಡು ದೊಡ್ಡ ಡೈವ್ ಮಾಡಿದವರು ಇದ್ದಾರೆ. ತಣ್ಣೀರು, ಹೂಳು ತುಂಬಿದ ಗುಹೆ, ಕೆಸರು ನೀರು ನಿಮ್ಮ ದಾರಿಯಲ್ಲಿದ್ದರೆ ಸೀಲ್ ಆದ ಡಯಾಫ್ರಾಮ್ ತಗೊಳ್ಳಿ. ಬೆಚ್ಚಗಿನ ತಿಳಿ ನೀರಿನಲ್ಲೇ ಇರುತ್ತೀರಾದರೆ ಯಾವುದಾದರೂ ಸರಿ, ಈ ವಾದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಬೆನ್ನಿನ ಸಿಲಿಂಡರುಗಳಿಗೆ ಬ್ಯಾಲೆನ್ಸ್ಡ್ ಫಸ್ಟ್ ಸ್ಟೇಜೇ ಬೇಕು. ಅನ್‌ಬ್ಯಾಲೆನ್ಸ್ಡ್ ಪಿಸ್ಟನ್‌ನಲ್ಲಿ ಸಿಲಿಂಡರ್ ಖಾಲಿಯಾಗುತ್ತಾ ಬಂದ ಹಾಗೆ ಐಪಿ ಇಳಿಯುತ್ತದೆ, ಉಸಿರು ಬಿಗಿಯಾಗುತ್ತದೆ. ಆಳದಲ್ಲಿ, ಗಾಬರಿಯಲ್ಲಿ, ಇಬ್ಬರು ಒಂದೇ ಫಸ್ಟ್ ಸ್ಟೇಜಿನಿಂದ ಉಸಿರಾಡುವಾಗ ಅದು ಬೇಡ. 6 ಮೀಟರಿನಲ್ಲಿ ಬಳಸುವ ಆಮ್ಲಜನಕದ ಸಿಲಿಂಡರಿಗಾದರೆ ಸರಳವಾದ ಅನ್‌ಬ್ಯಾಲೆನ್ಸ್ಡ್ ಪಿಸ್ಟನ್ ಕೂಡ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಭಾಗ ಕಡಿಮೆ ಇದ್ದಷ್ಟೂ ಅಲ್ಲಿ ಒಳ್ಳೆಯದು.

ಸಿಲಿಂಡರಿಗೆ ಜೋಡಿಸುವ ಬಗೆ ಎರಡು. ಯೋಕ್ ಬೇಡ, ಡಿನ್ ತಗೊಳ್ಳಿ. ಡಿನ್ ರೆಗ್ಯುಲೇಟರ್ ವಾಲ್ವಿನೊಳಕ್ಕೆ ತಿರುಗಿಸಿ ಕೂರುತ್ತದೆ, ಒ-ರಿಂಗ್ ಲೋಹದ ಮಧ್ಯೆ ಸಿಕ್ಕಿಕೊಂಡಿರುತ್ತದೆ. ಯೋಕ್ ಹೊರಗಿನಿಂದ ಕ್ಲಾಂಪಿನ ಹಾಗೆ ಹಿಡಿಯುತ್ತದೆ. ಗುಹೆಯ ಮೇಲ್ಚಾವಣಿಗೋ ಹಡಗಿನ ಅವಶೇಷದ ಕಬ್ಬಿಣಕ್ಕೋ ಬಡಿದರೆ ಯೋಕ್ ಅಲುಗಾಡಬಹುದು, ಒ-ರಿಂಗ್ ಹೊರಗೆ ಚಿಮ್ಮಬಹುದು. ಡಿನ್‌ನಲ್ಲಿ ಆ ಭಯ ತುಂಬಾ ಕಡಿಮೆ.

ಯುರೋಪಿನ ಇಎನ್ 250 ಪ್ರಮಾಣದ ಗುರುತು ರೆಗ್ಯುಲೇಟರಿನ ಮೇಲೆ ಇರುತ್ತದೆ. ಅದನ್ನು ಓದಲು ಕಲಿಯಿರಿ. ಆ ಪರೀಕ್ಷೆಯನ್ನು 50 ಮೀಟರ್ ಆಳದ ಒತ್ತಡದಲ್ಲಿ, ನಿಮಿಷಕ್ಕೆ 62.5 ಲೀಟರ್ ಉಸಿರಾಟದ ವೇಗದಲ್ಲಿ ಮಾಡುತ್ತಾರೆ. ಕೊನೆಗೆ ಎ ಅಕ್ಷರ ಇದ್ದರೆ ಇಬ್ಬರು ಒಟ್ಟಿಗೆ ಉಸಿರಾಡುವಾಗಲೂ ಅದು ಪಾಸಾಗಿದೆ ಅಂತ. 10 ಡಿಗ್ರಿಗಿಂತ ಹೆಚ್ಚು ಅಂತ ಬರೆದಿದ್ದರೆ ಅದು ತಣ್ಣೀರಿನದ್ದಲ್ಲ. ಅಂಥದ್ದನ್ನು ತಣ್ಣೀರಿಗೆ ಒಯ್ಯಬೇಡಿ, ಬೇರೆಯವರು ಒಯ್ದು ಏನೂ ಆಗಲಿಲ್ಲ ಅಂದರೂ ಒಯ್ಯಬೇಡಿ. 50 ಮೀಟರಿಗಿಂತ ಕೆಳಗೆ ಹೋದರೆ ಆ ಗುರುತು ಅಳೆದ ಮಿತಿಯನ್ನು ದಾಟಿದ್ದೀರಿ ಅನ್ನುವುದೂ ನೆನಪಿರಲಿ.

ಇನ್ನು ನನ್ನ ಅಭಿಪ್ರಾಯ. ಎಲ್ಲ ರೆಗ್ಯುಲೇಟರುಗಳೂ ಒಂದೇ ಮಾದರಿಯವು ಇರಲಿ, ಅದೂ ಬಿಡಿಭಾಗ ಸುಲಭವಾಗಿ ಸಿಗುವ, ವರ್ಷಗಳಿಂದ ಮಾರುಕಟ್ಟೆಯಲ್ಲಿರುವ ಮಾದರಿ ಇರಲಿ. ಒಂದು ಸೆಕೆಂಡ್ ಸ್ಟೇಜ್ ಕೈಕೊಟ್ಟರೆ ಇನ್ನೊಂದರ ಹೋಸ್, ಸೀಟ್, ಒ-ರಿಂಗ್ ಇದಕ್ಕೆ ಹೊಂದುತ್ತದೆ. ಕತ್ತಲಲ್ಲಿ ಕೈಗೆ ಸಿಕ್ಕರೂ ಗುಂಡಿ ಎಲ್ಲಿದೆ ಅಂತ ಬೆರಳಿಗೆ ಗೊತ್ತಿರುತ್ತದೆ. ಈ ವರ್ಷವಷ್ಟೇ ಬಂದ ಹೊಸ ವಿನ್ಯಾಸಕ್ಕೆ ಮೊದಲ ಪ್ರಯೋಗಿ ನೀವಾಗಬೇಕಿಲ್ಲ, ಅಲ್ವಾ.

ಆಳದಲ್ಲಿ ಉಸಿರು ಬಿಗಿಯಾದರೆ ರೆಗ್ಯುಲೇಟರನ್ನೇ ಬೈಯಬೇಡಿ

ಇದನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಆಳಕ್ಕೆ ಹೋದ ಹಾಗೆ ಗ್ಯಾಸ್ ದಟ್ಟವಾಗುತ್ತದೆ. ಸಂಶೋಧಕರಾದ ಗ್ಯಾವಿನ್ ಆಂಟನಿ ಮತ್ತು ಸೈಮನ್ ಮಿಚೆಲ್ ಅವರ ಕೆಲಸದಿಂದ ಬಂದ ಸಲಹೆ ಈಗ ಎಲ್ಲ ಕಡೆ ಬಳಕೆಯಲ್ಲಿದೆ: ಗ್ಯಾಸಿನ ಸಾಂದ್ರತೆ ಲೀಟರಿಗೆ 5.2 ಗ್ರಾಂ ಒಳಗೆ ಇರಲಿ, 6.2 ಗ್ರಾಂ ದಾಟುವುದು ಬೇಡ. ಬರೀ ಗಾಳಿಯಾದರೆ 30 ಮೀಟರ್ ಸುಮಾರಿಗೇ ಮೊದಲ ಗೆರೆ ಬರುತ್ತದೆ, 40ರ ಹತ್ತಿರ ಎರಡನೆಯದು. 60 ಮೀಟರಿನಲ್ಲಿ ಗಾಳಿಯ ಸಾಂದ್ರತೆ ಲೀಟರಿಗೆ ಸುಮಾರು 9 ಗ್ರಾಂ. ಅದೇ ಆಳದಲ್ಲಿ 18/45 ಟ್ರೈಮಿಕ್ಸ್ (18 ಶೇಕಡ ಆಮ್ಲಜನಕ, 45 ಶೇಕಡ ಹೀಲಿಯಂ, ಉಳಿದದ್ದು ಸಾರಜನಕ) ಆದರೆ ಸುಮಾರು 5.6. ದಟ್ಟವಾದ ಗ್ಯಾಸನ್ನು ಎಳೆಯಲು ಶ್ವಾಸಕೋಶಕ್ಕೇ ಕಷ್ಟ, ಇಂಗಾಲದ ಡೈಆಕ್ಸೈಡ್ ಪೂರ್ತಿ ಹೊರಗೆ ಹೋಗುವುದಿಲ್ಲ, ತಲೆ ಕೆಡುತ್ತದೆ, ಗಾಬರಿ ಹುಟ್ಟುತ್ತದೆ. ಆಗ ಡೈವರ್‌ಗೆ ಅನ್ನಿಸುವುದು ರೆಗ್ಯುಲೇಟರ್ ಗ್ಯಾಸ್ ಕೊಡುತ್ತಿಲ್ಲ ಅಂತ. ರೆಗ್ಯುಲೇಟರ್ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಜಗತ್ತಿನ ಅತ್ಯುತ್ತಮ ಸೆಕೆಂಡ್ ಸ್ಟೇಜ್ ತಂದರೂ ತಪ್ಪಾದ ಗ್ಯಾಸಿಗೆ ಅದು ಪರಿಹಾರವಲ್ಲ. ಹೀಲಿಯಂ ಹಾಕಿ, ಉಸಿರಾಟ ನಿಧಾನ ಮಾಡಿ, ಒದ್ದಾಡುವ ಕೆಲಸ ಬಿಡಿ.

ಜೋಡಿಸುವ ಬಗೆ

ಎರಡು ಸಿಲಿಂಡರ್, ಅವೆರಡನ್ನೂ ಸೇರಿಸುವ ಮ್ಯಾನಿಫೋಲ್ಡ್ ಕೊಳವೆ, ಅದರ ಮಧ್ಯೆ ಎರಡನ್ನೂ ಬೇರ್ಪಡಿಸುವ ಐಸೊಲೇಟರ್ ವಾಲ್ವ್, ಎರಡು ಫಸ್ಟ್ ಸ್ಟೇಜ್. ವಿಲಿಯಂ ಹೊಗಾರ್ತ್ ಮೇನ್ ಅವರ ಹೆಸರಿನಿಂದ ಹೊಗಾರ್ತಿಯನ್ ಅನ್ನಿಸಿಕೊಂಡ ಜೋಡಣೆ ಗುಹೆ ಡೈವಿಂಗ್‌ನಿಂದ ಬಂದದ್ದು, ಇವತ್ತು ಹೆಚ್ಚಿನವರು ಬಳಸುವುದು ಅದನ್ನೇ. ಬಲ ಪೋಸ್ಟಿನಿಂದ (ಬಲ ಸಿಲಿಂಡರಿನ ವಾಲ್ವ್) 2.1 ಮೀಟರಿನ ಉದ್ದ ಹೋಸ್, ಅದೇ ನೀವು ಉಸಿರಾಡುವುದು, ಕಷ್ಟ ಬಂದರೆ ಜೊತೆಗಾರನಿಗೆ ಕೊಡುವುದೂ ಅದನ್ನೇ. ವಿಂಗ್ ಇನ್‌ಫ್ಲೇಟರ್ ಕೂಡ ಬಲಕ್ಕೆ (ವಿಂಗ್ ಅಂದರೆ ತೇಲಲು ಬೆನ್ನಿಗಿರುವ ಗಾಳಿಚೀಲ). ಎಡ ಪೋಸ್ಟಿನಿಂದ ಚಿಕ್ಕ ಹೋಸಿನ ಬ್ಯಾಕಪ್, ಅದು ಕುತ್ತಿಗೆಯ ಎಲಾಸ್ಟಿಕ್‌ನಲ್ಲಿ ಗಲ್ಲದ ಕೆಳಗೆ ನೇತಾಡುತ್ತಿರಲಿ. ಪ್ರೆಷರ್ ಗೇಜ್ ಮತ್ತು ಡ್ರೈಸೂಟ್ ಹೋಸ್ ಎಡಕ್ಕೆ.

ಇದರ ಹಿಂದಿರುವ ಕಾರಣ ಸ್ವಾರಸ್ಯವಾಗಿದೆ. ಮುಂದಕ್ಕೆ ಈಜುವಾಗ ಎಡ ಪೋಸ್ಟಿನ ಗುಂಡಿ ಚಾವಣಿಗೆ ಉಜ್ಜಿದರೆ ಅದು ಮುಚ್ಚುವ ದಿಕ್ಕಿಗೆ ತಿರುಗುತ್ತದೆ, ಬಲದ್ದು ತೆರೆಯುವ ದಿಕ್ಕಿಗೆ. ನಿಮಗೆ ಗೊತ್ತೇ ಆಗದೆ ಎಡ ವಾಲ್ವ್ ಮುಚ್ಚಿಹೋಗಬಹುದು. ಹಾಗಾಗಿ ಬಾಯಲ್ಲಿರುವುದು ಬಲದಿಂದ ಬರಬೇಕು. ಎಡ ಮುಚ್ಚಿದ್ದರೆ ಗೇಜ್ ಕೂಡ ಎಡಕ್ಕಿರುವುದರಿಂದ, ನೀವು ಉಸಿರಾಡುತ್ತಿದ್ದರೂ ಮುಳ್ಳು ಇದ್ದಲ್ಲೇ ನಿಂತಿರುತ್ತದೆ. ಅದನ್ನು ನೋಡಿ ಇವತ್ತು ಗ್ಯಾಸ್ ಕಡಿಮೆ ಖರ್ಚಾಗುತ್ತಿದೆ ಅಂತ ಖುಷಿಪಡಬೇಡಿ. ಮೊದಲು ಎಡ ವಾಲ್ವ್ ಮುಟ್ಟಿ ನೋಡಿ. ಚಾವಣಿಗೆ ತಗುಲಿದ ಪ್ರತಿ ಸಲವೂ ಮುಟ್ಟಿ ನೋಡಿ.

ಎರಡು ರೆಗ್ಯುಲೇಟರ್ ಇದ್ದರೆ ಏನಾದರೊಂದು ಕೆಡುವ ಸಾಧ್ಯತೆ ಜಾಸ್ತಿಯಾಗುತ್ತದೆ. ಎರಡೂ ಒಟ್ಟಿಗೆ ಕೆಡುವ ಸಾಧ್ಯತೆ ತುಂಬಾ ಕಡಿಮೆಯಾಗುತ್ತದೆ. ಈ ಎರಡನೆಯದ್ದಕ್ಕಾಗಿ ಮೊದಲನೆಯದನ್ನು ಒಪ್ಪಿಕೊಳ್ಳುತ್ತೇವೆ. ಅದಕ್ಕೇ ಉಳಿದದ್ದನ್ನೆಲ್ಲ ಸರಳವಾಗಿ ಇಡಬೇಕು. ಹೋಸಿಗೆ ತಿರುಗುವ ಮೊಣಕೈ ಸೇರಿಸಿದರೆ ಒ-ರಿಂಗ್ ಹೆಚ್ಚಾಯಿತು. ಅಡಾಪ್ಟರ್ ಸೇರಿಸಿದರೆ ಮತ್ತೆ ಹೆಚ್ಚಾಯಿತು. ಹೋಸ್ ಸರಿಯಾದ ಉದ್ದದ್ದು ತಗೊಂಡು, ಪೋರ್ಟ್ ಸರಿಯಾಗಿ ಆರಿಸಿದರೆ ಇವು ಯಾವುವೂ ಬೇಕಾಗುವುದಿಲ್ಲ. ಫಸ್ಟ್ ಸ್ಟೇಜಿನಲ್ಲಿ ಹೋಸ್ ಕೂರುವ, ತಿರುಗುವ ಭಾಗವಾದ ಟರೆಟ್ ಬಗ್ಗೆಯೂ ಕೆಲವರು ಹೆದರಿಸುತ್ತಾರೆ. ಅದು ಮುರಿಯುವುದು ಅಪರೂಪ. ಹೋಸ್ ಅಂದವಾಗಿ ಕೆಳಕ್ಕೆ ಹರಿಯುತ್ತದಾ ಅನ್ನುವುದು ಅದಕ್ಕಿಂತ ಮುಖ್ಯ.

ಹೋಸ್ ಒಡೆಯುವ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಗೇಜಿನ ಎಚ್‌ಪಿ ಹೋಸಿನಲ್ಲಿ, ಅಂದರೆ ಹೆಚ್ಚಿನ ಒತ್ತಡದ ಹೋಸಿನಲ್ಲಿ, 200 ಬಾರ್ ಇದೆ, ಆದ್ದರಿಂದ ಅದು ಒಡೆಯುವುದೇ ದೊಡ್ಡ ಅಪಾಯ ಅಂತ ಅನ್ನಿಸುತ್ತದೆ. ಆದರೆ ಎಚ್‌ಪಿ ಹೋಸಿನ ತುದಿಯಲ್ಲಿ ದಾರಿ ಸೂಜಿಯ ತೂತಿನಷ್ಟೇ ಇರುತ್ತದೆ, ಸದ್ದು ಜೋರಾದರೂ ಗ್ಯಾಸ್ ನಿಧಾನವಾಗಿ ಹೋಗುತ್ತದೆ. ಎಲ್‌ಪಿ ಹೋಸ್ ಕಿತ್ತುಹೋದರೆ ಗ್ಯಾಸ್ ಹೋಗುವ ದಾರಿ ಅಗಲವಾಗಿರುತ್ತದೆ, ಸಿಲಿಂಡರ್ ಖಾಲಿಯಾಗಲು ಹೆಚ್ಚು ಹೊತ್ತು ಬೇಡ. ಹಾಗಾಗಿ ಎಲ್‌ಪಿ ಹೋಸುಗಳನ್ನು ಹೆಚ್ಚು ಗಮನದಿಂದ ನೋಡಿ. ಲೋಹದ ತುದಿಯ ಹತ್ತಿರ ಬಗ್ಗಿಸಿ ನೋಡಿದರೆ ಬಿರುಕು ಕಾಣುತ್ತದೆ. ಹೋಸ್ ಪ್ರೊಟೆಕ್ಟರ್ ಹಾಕಿದ್ದರೆ ಹಿಂದಕ್ಕೆ ಸರಿಸಿ ನೋಡಿ, ಬಿರುಕನ್ನೂ ಉಪ್ಪನ್ನೂ ಅದೇ ಮುಚ್ಚಿಟ್ಟಿರುತ್ತದೆ. ಹೆಣೆದ ನೈಲಾನ್ ಹೊದಿಕೆಯ ಮೆತ್ತನೆಯ ಹೋಸುಗಳಲ್ಲಿ ಇನ್ನೊಂದು ತೊಂದರೆ ಇದೆ. ಕೆಲವದರ ಒಳಪದರ ವರ್ಷಗಳಲ್ಲಿ ಹರಳುಗಟ್ಟಿ ದಾರಿಯನ್ನೇ ಕಟ್ಟಿಹಾಕಿದ ಪ್ರಸಂಗಗಳು ದಾಖಲಾಗಿವೆ, ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಬಿಸಿಲು ಜಾಸ್ತಿ ಇರುವ ಕಡೆ ಇಟ್ಟ ಹೋಸುಗಳಿಗೆ ಇದು ಬೇಗ ಆಗುತ್ತದೆ. ಯಾವುದೇ ಹೋಸಾಗಲಿ, ಅದರ ಮೇಲೆ ಅಚ್ಚಾದ ತಯಾರಿಕೆಯ ವರ್ಷ ನೋಡಿ, ಐದು ವರ್ಷ ದಾಟಿದರೆ ಬದಲಾಯಿಸಿ.

ತಣ್ಣೀರು

ಹೆಚ್ಚಿನ ಒತ್ತಡದ ಗ್ಯಾಸ್ ಹಿಗ್ಗಿದಾಗ ತಣ್ಣಗಾಗುತ್ತದೆ. ನೀರೂ ತಣ್ಣಗಿದ್ದರೆ, ಅಂದರೆ 10 ಡಿಗ್ರಿಗಿಂತ ಕೆಳಗಿದ್ದರೆ, ರೆಗ್ಯುಲೇಟರಿನೊಳಗೆ ಮಂಜುಗಡ್ಡೆ ಕಟ್ಟಬಹುದು. ಫಸ್ಟ್ ಸ್ಟೇಜಿನ ಸ್ಪ್ರಿಂಗ್ ಸುತ್ತ ಕಟ್ಟಿದರೆ ವಾಲ್ವ್ ತೆರೆದೇ ನಿಲ್ಲುತ್ತದೆ, ಐಪಿ ಏರುತ್ತದೆ, ಸೆಕೆಂಡ್ ಸ್ಟೇಜ್ ಫ್ರೀ ಫ್ಲೋ ಆಗುತ್ತದೆ, ಅಂದರೆ ಗ್ಯಾಸ್ ನಿಲ್ಲದೆ ಹೊರಗೆ ಹರಿಯುತ್ತದೆ, ಹರಿವು ಜಾಸ್ತಿಯಾದಷ್ಟೂ ಇನ್ನಷ್ಟು ತಣ್ಣಗಾಗುತ್ತದೆ. ಒಮ್ಮೆ ಶುರುವಾದರೆ ವಾಲ್ವ್ ಮುಚ್ಚದೆ ನಿಲ್ಲುವುದಿಲ್ಲ.

ತಡೆಯುವುದು ಹೀಗೆ. ಸೀಲ್ ಆದ ಫಸ್ಟ್ ಸ್ಟೇಜ್ ಇರಲಿ. ಐಪಿಯನ್ನು ತಯಾರಕರು ಹೇಳಿದ ಮಿತಿಯೊಳಗೆ ಕೆಳಗಿನ ತುದಿಗೆ ಇಡಿಸಿ. ತುಂಬಿಸಿದ ಗ್ಯಾಸ್ ಒಣಗಿರಲಿ, ತೇವ ಇದ್ದರೆ ಮಂಜು ಒಳಗಿನಿಂದಲೇ ಕಟ್ಟುತ್ತದೆ. ನೀರಿಗಿಳಿಯುವ ಮುಂಚೆ ಚಳಿಗಾಳಿಯಲ್ಲಿ ನಿಂತು ಸೆಕೆಂಡ್ ಸ್ಟೇಜಿನೊಳಗೆ ಉಸಿರು ಬಿಡಬೇಡಿ, ನಿಮ್ಮ ಉಸಿರಿನ ತೇವವೇ ಅಲ್ಲಿ ಹೆಪ್ಪುಗಟ್ಟುತ್ತದೆ. ಸೆಕೆಂಡ್ ಸ್ಟೇಜಿನಿಂದ ಗ್ಯಾಸ್ ಹೊರಬಿಡುವ ಪರ್ಜ್ ಗುಂಡಿಯನ್ನು ಸುಮ್ನೆ ಒತ್ತಬೇಡಿ. ಆಳದಲ್ಲಿ ವಿಂಗ್ ತುಂಬುವುದು, ಡ್ರೈಸೂಟ್ ತುಂಬುವುದು, ಉಸಿರೆಳೆಯುವುದು ಮೂರನ್ನೂ ಒಂದೇ ಹೊತ್ತಿನಲ್ಲಿ ಮಾಡಬೇಡಿ. ಚಿಕ್ಕ ಚಿಕ್ಕ ಒತ್ತು ಸಾಕು. ಸೆಕೆಂಡ್ ಸ್ಟೇಜಿನಲ್ಲಿ ಲೋಹದ ಭಾಗ ಜಾಸ್ತಿ ಇದ್ದರೆ ನೀರಿನ ಶಾಖ ಒಳಗೆ ಬರುತ್ತದೆ, ಅದೂ ಅನುಕೂಲವೇ.

ಐಪಿ ಗೇಜ್ ಕೊಂಡುಕೊಳ್ಳಿ

ಈ ಬರಹದಿಂದ ಒಂದನ್ನು ಮಾತ್ರ ಮಾಡುತ್ತೀರಾದರೆ ಇದನ್ನೇ ಮಾಡಿ. ಇನ್‌ಫ್ಲೇಟರ್ ಹೋಸಿಗೆ ಚುಚ್ಚುವ ಚಿಕ್ಕ ಗೇಜ್ ಅದು. ರೆಗ್ಯುಲೇಟರನ್ನು ಸಿಲಿಂಡರಿಗೆ ಹಾಕಿ, ಗೇಜ್ ಸಿಕ್ಕಿಸಿ, ವಾಲ್ವನ್ನು ನಿಧಾನವಾಗಿ ತೆರೆಯಿರಿ. ಮುಳ್ಳು 9ರಿಂದ 10 ಬಾರ್ ಮಧ್ಯೆ, ನಿಮ್ಮ ಮಾದರಿಗೆ ಹೇಳಿದ ಅಂಕಿಯ ಹತ್ತಿರ ನಿಲ್ಲಬೇಕು. ಪರ್ಜ್ ಗುಂಡಿಯನ್ನು ಹತ್ತಿಪ್ಪತ್ತು ಸಲ ಒತ್ತಿ ಬಿಡಿ. ಪ್ರತಿ ಸಲ ಮುಳ್ಳು ಇಳಿದು ಥಟ್ಟನೆ ಅದೇ ಜಾಗಕ್ಕೆ ಬರಬೇಕು. ಆಮೇಲೆ ಐದು ನಿಮಿಷ ಸುಮ್ಮನೆ ಬಿಟ್ಟು ನೋಡಿ. ಮೊದಲ ಕೆಲವು ಸೆಕೆಂಡಿನಲ್ಲಿ ಒಂಚೂರು ಏರಿ ನಿಂತರೆ ಪರವಾಗಿಲ್ಲ. ನಿಲ್ಲದೆ ಏರುತ್ತಲೇ ಹೋದರೆ ಸೀಟ್ ಹೋಗಿದೆ, ಅದು ನೀರಿಗೆ ಇಳಿಯಬಾರದು. ತುಂಬಿದ ಸಿಲಿಂಡರಿನಲ್ಲಿ ಒಮ್ಮೆ, ಅರೆಖಾಲಿಯದ್ದರಲ್ಲಿ ಒಮ್ಮೆ ಮಾಡಿ ನೋಡಿ. ಅಂಕಿಯನ್ನು ದಿನಾಂಕದ ಜೊತೆ ಬರೆದಿಡಿ. ಆರು ತಿಂಗಳಲ್ಲಿ 9.5ರಿಂದ 9.9ಕ್ಕೆ ಬಂದಿದೆ ಅಂತ ಪುಸ್ತಕ ಹೇಳುತ್ತದೆ, ನೆನಪು ಹೇಳುವುದಿಲ್ಲ.

ಸೆಕೆಂಡ್ ಸ್ಟೇಜ್ ಸಣ್ಣಗೆ ಹಿಸ್ ಅನ್ನುತ್ತಿದ್ದರೆ ತಪ್ಪು ಎಲ್ಲಿದೆ ಅಂತಲೂ ಇದೇ ಗೇಜ್ ಹೇಳುತ್ತದೆ. ಮುಳ್ಳು ಗಟ್ಟಿಯಾಗಿ ನಿಂತಿದ್ದು ಹಿಸ್ ಬರುತ್ತಿದ್ದರೆ ತೊಂದರೆ ಸೆಕೆಂಡ್ ಸ್ಟೇಜಿನಲ್ಲಿ. ಮುಳ್ಳು ಏರುತ್ತಾ ಹೋಗಿ ಆಮೇಲೆ ಹಿಸ್ ಶುರುವಾದರೆ ತೊಂದರೆ ಫಸ್ಟ್ ಸ್ಟೇಜಿನಲ್ಲಿ. ಗೇಜ್ ಇಲ್ಲದೆಯೂ ಒಂದು ಸುಳಿವು ಸಿಗುತ್ತದೆ: ಉಸಿರೆಳೆದಾಗ ಹಿಸ್ ನಿಂತು, ಕೆಲವು ಸೆಕೆಂಡ್ ಬಿಟ್ಟು ಮತ್ತೆ ಬಂದರೆ ಅದು ಬಹುಮಟ್ಟಿಗೆ ಕ್ರೀಪೇ. ಎಷ್ಟೋ ಜನ ಸೆಕೆಂಡ್ ಸ್ಟೇಜಿನ ಸ್ಪ್ರಿಂಗ್ ಬಿಗಿ ಮಾಡಿಸಿ ಆ ಸದ್ದನ್ನು ನಿಲ್ಲಿಸುತ್ತಾರೆ. ಅದು ಸುಳಿವನ್ನು ಮುಚ್ಚಿಹಾಕಿದ ಹಾಗೆ. ಕಾಯಿಲೆ ಅಲ್ಲೇ ಇರುತ್ತದೆ.

ಇನ್ನೂ ಎರಡು ಪರೀಕ್ಷೆ ಇವೆ, ಯಾವ ಸಾಧನವೂ ಬೇಡ. ಡಸ್ಟ್ ಕ್ಯಾಪ್ ಹಾಕಿ, ಸಿಲಿಂಡರಿಗೆ ಜೋಡಿಸದೆ ಸೆಕೆಂಡ್ ಸ್ಟೇಜಿನಿಂದ ಉಸಿರೆಳೆಯಿರಿ. ಏನೂ ಬರಬಾರದು. ಗಾಳಿ ಬಂದರೆ ಮೌತ್‌ಪೀಸ್ ಹರಿದಿದೆ, ಇಲ್ಲವೇ ಎಕ್ಸಾಸ್ಟ್ ವಾಲ್ವಿನಲ್ಲಿ ಮರಳು ಸಿಕ್ಕಿದೆ, ಇಲ್ಲವೇ ಡಯಾಫ್ರಾಮ್ ತೂತಾಗಿದೆ. ಇನ್ನೊಂದು, ಸಿಲಿಂಡರ್ ತೆರೆದಿಟ್ಟು ಸೆಕೆಂಡ್ ಸ್ಟೇಜನ್ನು ಮೌತ್‌ಪೀಸ್ ಮೇಲೆ ಬರುವ ಹಾಗೆ ನೀರಿನ ಪಾತ್ರೆಗೆ ನಿಧಾನವಾಗಿ ಇಳಿಸಿ. ಡಯಾಫ್ರಾಮ್ ಸುಮಾರು ಎರಡೂವರೆಯಿಂದ ನಾಲ್ಕು ಸೆಂಟಿಮೀಟರ್ ನೀರಿನೊಳಗೆ ಹೋದಾಗ ಗ್ಯಾಸ್ ಬರಲು ಶುರುವಾಗಬೇಕು. ತುಂಬಾ ಬೇಗ ಬಂದರೆ ಚಿಕ್ಕ ಕಾರಣಕ್ಕೂ ಫ್ರೀ ಫ್ಲೋ ಆಗುತ್ತದೆ. ತುಂಬಾ ತಡವಾದರೆ ಆಳದಲ್ಲಿ ಉಸಿರು ಬಿಗಿಯಾಗುತ್ತದೆ. ಡೆಕೊ ಸಿಲಿಂಡರಿನ ಸೆಕೆಂಡ್ ಸ್ಟೇಜ್ ಸ್ವಲ್ಪ ಬಿಗಿಯಾಗಿದ್ದರೇ ಒಳ್ಳೆಯದು. ಅದು ಪಕ್ಕದಲ್ಲಿ ನೇತಾಡುತ್ತಾ ಗಂಟೆಗಟ್ಟಲೆ ಇರುತ್ತದೆ, ಬಾಯಲ್ಲಿ ಇರುವುದು ಕಡಿಮೆ.

ಫಸ್ಟ್ ಸ್ಟೇಜಿನ ಬಾಯಲ್ಲಿರುವ ಫಿಲ್ಟರನ್ನೂ ನೋಡಿ. ಹಸಿರು ಕಂಡರೆ ನೀರು ಒಳಗೆ ಹೋಗಿದೆ. ಕೆಂಪು ಅಥವಾ ಕಂದು ಪುಡಿ ಉಕ್ಕಿನ ಸಿಲಿಂಡರಿನ ತುಕ್ಕು. ಬಿಳಿ ಪುಡಿ ಅಲ್ಯೂಮಿನಿಯಂ ಸಿಲಿಂಡರಿನದ್ದು. ಕಪ್ಪು ಕಂಡರೆ ಗ್ಯಾಸ್ ತುಂಬಿದ ಕಂಪ್ರೆಸರಿನ ಫಿಲ್ಟರ್ ಬಗ್ಗೆ ವಿಚಾರಿಸಿ.

ಆಮ್ಲಜನಕದ ರೆಗ್ಯುಲೇಟರ್

40 ಶೇಕಡಕ್ಕಿಂತ ಹೆಚ್ಚು ಆಮ್ಲಜನಕ ಇರುವ ಗ್ಯಾಸಿಗೆ ಬಳಸುವ ರೆಗ್ಯುಲೇಟರನ್ನು ಆಮ್ಲಜನಕಕ್ಕೆಂದೇ ಶುಚಿ ಮಾಡಿರಬೇಕು, ಒ-ರಿಂಗ್ ಮತ್ತು ಗ್ರೀಸ್ ಅದಕ್ಕೆ ಹೊಂದುವಂಥದ್ದಿರಬೇಕು. ಸಾಮಾನ್ಯ ಸಿಲಿಕೋನ್ ಗ್ರೀಸ್ ನಡೆಯುವುದಿಲ್ಲ. ಟೈಟಾನಿಯಂ ಫಸ್ಟ್ ಸ್ಟೇಜ್ ಇಲ್ಲಿ ಬೇಡವೇ ಬೇಡ. ವಾಲ್ವನ್ನು ಥಟ್ಟನೆ ತೆರೆದರೆ ಗ್ಯಾಸ್ ಒಮ್ಮೆಗೇ ಅದುಮಿಕೊಂಡು ಬಿಸಿಯಾಗುತ್ತದೆ, ಒಳಗೆ ಎಣ್ಣೆಯ ಅಂಶ ಇದ್ದರೆ ಹೊತ್ತಿಕೊಳ್ಳಬಹುದು. ಆದ್ದರಿಂದ ಯಾವಾಗಲೂ ನಿಧಾನವಾಗಿ. ಈ ರೆಗ್ಯುಲೇಟರನ್ನು ಒಮ್ಮೆ ಮಾಮೂಲಿ ಗಾಳಿಯ ಸಿಲಿಂಡರಿಗೆ ಹಾಕಿದರೂ ಶುಚಿತನ ಹೋಯಿತು ಅಂತಲೇ ತಿಳಿಯಿರಿ, ಕಂಪ್ರೆಸರಿನ ಎಣ್ಣೆಯ ಅಂಶ ಅದರಲ್ಲಿ ಸೇರಿರಬಹುದು.

ಸ್ಟೇಜ್ ಸಿಲಿಂಡರುಗಳನ್ನು, ಅಂದರೆ ಪಕ್ಕದಲ್ಲಿ ನೇತುಹಾಕಿಕೊಳ್ಳುವ ಹೆಚ್ಚುವರಿ ಸಿಲಿಂಡರುಗಳನ್ನು, ಒಯ್ಯುವಾಗ ವಾಲ್ವ್ ತೆರೆದು ಹೋಸಿಗೆ ಒತ್ತಡ ತುಂಬಿಸಿ ಮತ್ತೆ ಮುಚ್ಚಿ. ಒತ್ತಡ ಇದ್ದರೆ ನೀರು ಒಳಗೆ ನುಸುಳುವುದಿಲ್ಲ, ವಾಲ್ವ್ ಮುಚ್ಚಿದ್ದರೆ ಸೋರಿದರೂ ಹೋಸಿನೊಳಗಿನದ್ದು ಮಾತ್ರ ಹೋಗುತ್ತದೆ. ದಾರಿಯಲ್ಲಿ ಆಗಾಗ ಗೇಜ್ ನೋಡಿ, ಇಳಿದಿದ್ದರೆ ಮತ್ತೊಮ್ಮೆ ತುಂಬಿಸಿ. ಇನ್ನು, ಆಳದಲ್ಲಿ ತಪ್ಪು ಸಿಲಿಂಡರಿನಿಂದ ಉಸಿರಾಡುವುದು ಕೆಟ್ಟ ರೆಗ್ಯುಲೇಟರಿಗಿಂತ ದೊಡ್ಡ ಅಪಾಯ. ಶುದ್ಧ ಆಮ್ಲಜನಕ 6 ಮೀಟರಿಗೆ, 50 ಶೇಕಡದ್ದು 21 ಮೀಟರಿಗೆ. ಗರಿಷ್ಠ ಆಳವನ್ನು ಸಿಲಿಂಡರಿನ ಮೇಲೆ ದೊಡ್ಡದಾಗಿ ಬರೆಯಿರಿ, ಬಾಯಿಗೆ ಹಾಕುವ ಮುಂಚೆ ಹೋಸನ್ನು ಕೈಯಿಂದ ಸಿಲಿಂಡರಿನವರೆಗೆ ಹಿಡಿದು ನೋಡಿ, ಜೊತೆಗಾರನಿಗೂ ತೋರಿಸಿ. ರೀಬ್ರೀದರ್ (ಬಿಟ್ಟ ಉಸಿರನ್ನೇ ಶುಚಿ ಮಾಡಿ ಮತ್ತೆ ಕೊಡುವ ಸಾಧನ) ಬಳಸುವವರು ಅದು ಕೈಕೊಟ್ಟಾಗ ಹಿಡಿಯುವ ಬೇಲ್‌ಔಟ್ ರೆಗ್ಯುಲೇಟರಿಗೆ ಇನ್ನೊಂದು ಕಷ್ಟ. ಅದು ಬಹಳ ಹೊತ್ತು ಸುಮ್ಮನೆ ಇರುತ್ತದೆ, ಹೂಳು ತುಂಬುತ್ತದೆ. ಡೈವಿನ ಶುರುವಿನಲ್ಲಿ, ಆಳಕ್ಕೆ ಹೋಗುವ ಮುಂಚೆ, ಅದರಿಂದ ಒಂದೆರಡು ಉಸಿರು ಎಳೆದೇ ಮುಂದೆ ಹೋಗಿ.

ಸರ್ವಿಸ್

ಹೆಚ್ಚಿನ ತಯಾರಕರು ಒಂದು ಅಥವಾ ಎರಡು ವರ್ಷಕ್ಕೆ, ಇಲ್ಲವೇ ಇಂತಿಷ್ಟು ಡೈವಿಗೆ ಸರ್ವಿಸ್ ಮಾಡಿಸಿ ಅನ್ನುತ್ತಾರೆ. ಮಾಡಿಸಿ. ಆದರೆ ಸರ್ವಿಸ್ ಆಗಿ ಬಂದ ರೆಗ್ಯುಲೇಟರನ್ನು ನೇರವಾಗಿ ದೊಡ್ಡ ಡೈವಿಗೆ ಒಯ್ಯಬೇಡಿ. ಬಿಚ್ಚಿ ಜೋಡಿಸಿದ ಯಾವ ಸಾಧನವೂ ಮೊದಲ ಕೆಲವು ಬಳಕೆಯಲ್ಲಿ ತಪ್ಪು ತೋರಿಸುವ ಸಾಧ್ಯತೆ ಜಾಸ್ತಿ. ಒ-ರಿಂಗ್ ಸರಿಯಾಗಿ ಕೂತಿಲ್ಲದಿರಬಹುದು, ಹೋಸ್ ಸಡಿಲ ಇರಬಹುದು. ಹೊಸ ಸೀಟ್ ಅಂಚಿಗೆ ಒಗ್ಗಿಕೊಳ್ಳುವಾಗ ಐಪಿ ಸ್ವಲ್ಪ ಸರಿಯುತ್ತದೆ, ಹಾಗಾಗಿ ಕೆಲವು ಡೈವ್ ಆದ ಮೇಲೆ ಮತ್ತೆ ಅಳೆಯಿರಿ. ಮೊದಲ ಡೈವ್ ಆಳ ಕಡಿಮೆ ಇರುವ, ನೇರ ಮೇಲೆ ಬರಬಹುದಾದ ಜಾಗದಲ್ಲಿ ಆಗಲಿ.

ಎಲ್ಲವನ್ನೂ ಒಟ್ಟಿಗೆ ಸರ್ವಿಸಿಗೆ ಕೊಡುವುದೂ ಬೇಡ. ಒಬ್ಬನೇ ತಂತ್ರಜ್ಞ, ಒಂದೇ ದಿನ, ಒಂದೇ ಪೊಟ್ಟಣದ ಬಿಡಿಭಾಗ ಹಾಕಿದರೆ ಒಂದೇ ತಪ್ಪು ಬಲ ಮತ್ತು ಎಡ ಎರಡರಲ್ಲೂ ಕೂತಿರಬಹುದು. ಎರಡು ರೆಗ್ಯುಲೇಟರ್ ಇಟ್ಟುಕೊಂಡ ಲಾಭವೇ ಅಲ್ಲಿಗೆ ಹೋಯಿತು. ಬಲದ್ದನ್ನು ಈಗ ಕೊಡಿ, ಅದು ಬಂದು ಕೆಲವು ಡೈವ್ ಆದ ಮೇಲೆ ಎಡದ್ದನ್ನು ಕೊಡಿ.

ಡೈವ್ ಆದ ಮೇಲೆ ತೊಳೆಯುವುದು ಸಿಹಿನೀರಿನಲ್ಲಿ, ಆದಷ್ಟು ಒತ್ತಡ ತುಂಬಿಯೇ. ಒತ್ತಡ ಇಲ್ಲದಾಗ ಪರ್ಜ್ ಒತ್ತಿದರೆ ನೀರು ಹೋಸಿನೊಳಗೆ ಹೋಗುತ್ತದೆ. ಡಸ್ಟ್ ಕ್ಯಾಪ್ ಒಣಗಿಸಿ ಹಾಕಿ. ನೆರಳಲ್ಲಿಡಿ, ಹೋಸನ್ನು ಬಿಗಿಯಾಗಿ ಸುತ್ತಬೇಡಿ.

ನೀರಿನಡಿ ಕೈಕೊಟ್ಟಾಗ

ಲೆಕ್ಕ ನೋಡಿ. ಎರಡು 12 ಲೀಟರಿನ ಸಿಲಿಂಡರ್ 200 ಬಾರ್ ಅಂದರೆ 4800 ಲೀಟರ್. 60 ಮೀಟರಿನಲ್ಲಿ ಒತ್ತಡ 7 ಬಾರ್, ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ ಅಲ್ಲಿ 140 ಲೀಟರ್ ಬೇಕು. ಪೂರ್ತಿ ಫ್ರೀ ಫ್ಲೋ ಇದಕ್ಕಿಂತ ಎಷ್ಟೋ ಪಟ್ಟು ಗ್ಯಾಸನ್ನು ಹೊರಗೆ ಚೆಲ್ಲುತ್ತದೆ. ಸಿಲಿಂಡರುಗಳು ತುಂಬಿದ್ದಾಗಲೇ ಐಸೊಲೇಟರ್ ಮುಚ್ಚಿದರೆ 2400 ಲೀಟರ್ ಉಳಿಯುತ್ತದೆ, ಶಾಂತವಾಗಿ ಉಸಿರಾಡಿದರೆ 17 ನಿಮಿಷ. ಗಾಬರಿಯಲ್ಲಿ ಉಸಿರು ಎರಡು ಪಟ್ಟಾದರೆ ಅದರ ಅರ್ಧ. ಡೈವಿನ ಮಧ್ಯದಲ್ಲಿ ಆದರೆ ಇನ್ನೂ ಕಡಿಮೆ. ಹಾಗಾಗಿ ವಾಲ್ವಿಗೆ ಕೈ ಎಷ್ಟು ಬೇಗ ತಲುಪುತ್ತದೆ ಅನ್ನುವುದರ ಮೇಲೆಯೇ ಎಲ್ಲ ನಿಂತಿದೆ.

ಯಾವ ಕಡೆ ಗುಳ್ಳೆ ಅಂತ ಗೊತ್ತಿದ್ದರೆ ಆ ಪೋಸ್ಟನ್ನೇ ಮುಚ್ಚಿ, ಆ ಪೋಸ್ಟಿನ ರೆಗ್ಯುಲೇಟರ್ ಬಾಯಲ್ಲಿದ್ದರೆ ಇನ್ನೊಂದಕ್ಕೆ ಬದಲಾಯಿಸಿಕೊಳ್ಳಿ, ಜೊತೆಗಾರನಿಗೆ ಬೆಳಕಿನ ಸನ್ನೆ ಕೊಡಿ. ಯಾವ ಕಡೆ ಅಂತ ಗೊತ್ತಾಗದಿದ್ದರೆ ನಾನು ಮೊದಲು ಐಸೊಲೇಟರ್ ಮುಚ್ಚುತ್ತೇನೆ, ಅರ್ಧ ಗ್ಯಾಸ್ ಉಳಿದ ಮೇಲೆ ಹುಡುಕಲು ಸಮಯ ಸಿಗುತ್ತದೆ. ಕೆಲವು ತರಬೇತಿ ಸಂಸ್ಥೆಗಳು ಮೊದಲು ಬಲ ಪೋಸ್ಟ್ ಮುಚ್ಚಲು ಕಲಿಸುತ್ತವೆ. ನಿಮ್ಮ ತಂಡ ಯಾವುದನ್ನು ಕಲಿತಿದೆಯೋ ಅದನ್ನೇ ಮಾಡಿ, ತಂಡದಲ್ಲಿ ಇಬ್ಬರು ಎರಡು ಬಗೆಯಲ್ಲಿ ಮಾಡುವುದು ಬೇಡ. ಸೋರಿಕೆ ನಿಂತ ಮೇಲೆ ಜೊತೆಗಾರ ಹಿಂದೆ ಬಂದು ನೋಡಲಿ. ಎಷ್ಟೋ ಸಲ ಡಿನ್ ಗುಂಡಿ ಸಡಿಲವಾಗಿರುತ್ತದೆ, ಬಿಗಿ ಮಾಡಿದರೆ ಮುಗಿಯಿತು. ಸರಿಹೋದರೂ ಡೈವ್ ಅಲ್ಲಿಗೇ ಮುಗಿಸಿ ಹಿಂದಿರುಗಿ.

ಸೈಡ್‌ಮೌಂಟ್‌ನಲ್ಲಿ ಸಿಲಿಂಡರುಗಳು ದೇಹದ ಎರಡು ಪಕ್ಕದಲ್ಲಿರುತ್ತವೆ, ಮ್ಯಾನಿಫೋಲ್ಡ್ ಇಲ್ಲ, ವಾಲ್ವ್ ಕಣ್ಣೆದುರಿಗೇ ಇರುತ್ತದೆ. ಅಲ್ಲಿ ಫ್ರೀ ಫ್ಲೋ ಆದ ಸಿಲಿಂಡರಿನ ಗ್ಯಾಸನ್ನೂ ಬಳಸಬಹುದು. ವಾಲ್ವ್ ಮುಚ್ಚಿಡಿ, ಉಸಿರೆಳೆಯುವಾಗ ಮಾತ್ರ ಚೂರು ತೆರೆಯಿರಿ, ಮತ್ತೆ ಮುಚ್ಚಿ. ಓದಲು ಸುಲಭ, ಮಾಡಲು ಅಭ್ಯಾಸ ಬೇಕು. ಐದಾರು ಮೀಟರ್ ಆಳದಲ್ಲಿ ತರಬೇತುದಾರರ ಎದುರು ಶುರು ಮಾಡಿ, ಮೊದಲು ಬರೀ ಕೈಯಲ್ಲಿ, ಆಮೇಲೆ ದಪ್ಪ ಕೈಗವಸು ಹಾಕಿಕೊಂಡು. ಕೈಗವಸು ಹಾಕಿದಾಗ ಗುಂಡಿ ಯಾವ ದಿಕ್ಕಿಗೆ ತಿರುಗುತ್ತಿದೆ ಅಂತ ಬೆರಳಿಗೆ ಗೊತ್ತಾಗದಿದ್ದರೆ, ತಣ್ಣೀರಿನ ಡೈವಿಗೆ ಹೋಗುವುದನ್ನು ಅಲ್ಲಿಯವರೆಗೆ ಮುಂದಕ್ಕೆ ಹಾಕಿ.